ದಮಾಮಿ ನಿಂತ ಹೊತ್ತು

ಅತ್ತಿವೇರಿ ಕೆರೆಯ ಮೇಲೆ ಮಂಜು ಕವಿದಿತ್ತು. ನೀರು ಯಾವುದು, ದಂಡೆ ಯಾವುದು, ಎಲ್ಲವೂ ಒಂದೇ ಬಿಳಿ. ಅದರೊಳಗೆಲ್ಲೋ ಜೇವಿಯರನ ಅಪ್ಪ ಲುಯಿಸ್ ತನ್ನ ಹಳೆಯ ದೋಣಿಯಲ್ಲಿದ್ದ. ಬಲೆ ಎತ್ತಲು ಬೆಳಗಾಗುತ್ತಲೇ ಹೋದವನು ಬಿಸಿಲೇರುವ ಹೊತ್ತಾದರೂ ಮರಳಿರಲಿಲ್ಲ. ವಾರವಿಡೀ ಸುರಿದ ಮಳೆಗೆ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ದೋಣಿ ಅತ್ತ ಸರಿದರೆ ನೀರು ಅದನ್ನು ಎಳೆದೊಯ್ದು ಕೆಳಗಿನ ಬಂಡೆಗಳ ಮೇಲೆ ಎಸೆಯುತ್ತದೆ.

ಸಿದ್ದಿಗಳ ಕೇರಿಗೆ ಕೇರಿಯೇ ದಂಡೆಗೆ ಬಂದಿತ್ತು. ಕಾಡಿನಲ್ಲಿ ಯಾರಾದರೂ ದಾರಿ ತಪ್ಪಿದರೆ ಇವರು ದಮಾಮಿ ಬಾರಿಸುತ್ತಾರೆ. ಚರ್ಮ ಬಿಗಿದ ಆ ವಾದ್ಯದ ದೊಡ್ಡ ಸದ್ದು ಹಿಡಿದು ಮನುಷ್ಯ ಮನೆಗೆ ಬರುತ್ತಾನೆ. ಈಗ ಕೆರೆಯ ಮೂರು ದಿಕ್ಕಿನಲ್ಲಿ ಮೂರು ದಮಾಮಿಗಳು ಬಿಡುವಿಲ್ಲದೆ ಮೊರೆಯುತ್ತಿದ್ದವು. ಸದ್ದು ಗುಡ್ಡಕ್ಕೆ ಬಡಿದು ಮರಳಿ, ಮತ್ತೊಂದು ಸದ್ದಿನೊಳಗೆ ಬೆರೆತು, ಎಲ್ಲಿಂದ ಬರುತ್ತಿದೆಯೆಂದೇ ತಿಳಿಯುತ್ತಿರಲಿಲ್ಲ. ಬೆದರಿದ ಹಕ್ಕಿಗಳು ಮಂಜಿನೊಳಗೆ ಕಿರುಚುತ್ತ ಸುತ್ತುತ್ತಿದ್ದವು.

ರಜೆಗೆ ಬಂದಿದ್ದ ಜೇವಿಯರ್ ಆ ಬಿಳಿಯನ್ನೇ ದಿಟ್ಟಿಸಿದ. ಇದನ್ನು ಅವನು ಮೊದಲೇ ನೋಡಿದ್ದ. ನೌಕಾಪಡೆಯ ಅವನ ಹಡಗಿನ ಕಂಬದ ಮೇಲೆ ಎರಡು ರಾಡಾರ್ ತಿರುಗುತ್ತವೆ. ಒಂದು ಆಕಾಶ ಕಾಯುತ್ತದೆ, ಇನ್ನೊಂದು ನೀರು. ಜೇವಿಯರ್ ನೀರಿನವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಮುದ್ರ ಕೆರಳಿದ್ದ ದಿನ, ಮೀನುಗಾರರ ಒಂದು ದೋಣಿ ಪರದೆಯಿಂದ ಮಾಯವಾಯಿತೆಂದು ಗಾಬರಿಯಾಗಿ, ಸಣ್ಣ ಮರುದನಿಯನ್ನೂ ಹಿಗ್ಗಿಸಿ ತೋರಿಸುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದ. ಅಲೆ, ಮಳೆ, ಹಕ್ಕಿ ಎಲ್ಲವೂ ಹೊಳೆದು ಪರದೆ ಹೀಗೆಯೇ ಬೆಳ್ಳಗಾಗಿತ್ತು. ಮೇಲಧಿಕಾರಿ ಬೈಯಲಿಲ್ಲ. ಗುಂಡಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದ. ದೋಣಿ ಅಲ್ಲೇ ಇತ್ತು. ರಾಡಾರ್ ಕ್ಷಣಮಾತ್ರ ಕೂಗುತ್ತದೆ, ಮಿಕ್ಕ ಹೊತ್ತೆಲ್ಲ ಬಾಯಿ ಮುಚ್ಚಿಕೊಂಡು ಮರುದನಿಗೆ ಕಾಯುತ್ತದೆ, ನೀನೂ ಕಾಯಿ, ಎಂದಿದ್ದ.

“ನಿಲ್ಸ್ರಿ!” ಜೇವಿಯರ್ ಕೂಗಿದ. “ದಮಾಮಿ ನಿಲ್ಸ್ರಿ!”

ಬಾರಿಸುತ್ತಿದ್ದ ಸೋದರಮಾವ ಜಾನು ಕೈ ನಿಲ್ಲಿಸದೆಯೇ ತಿರುಗಿದ. “ಹುಡುಕೂದರ ನಡುವ ದಮಾಮಿ ನಿಂತ್ರ ಏನ ಅರ್ಥ, ಗೊತ್ತೈತೇನ ನಿನಗ? ಮನಿಶ್ಯಾ ಸತ್ತ ಅಂತ! ನಿಮ್ಮಪ್ಪನ್ನ ಈಗ ಮಣ್ಣ ಮಾಡಾಂವೇನ?”

“ಮೂರೂ ಕಡೆ ಬಾರ್ಸಿದ್ರ ಅಪ್ಪ ಯಾವ ಕಡೆ ಬರಬೇಕು ಮಾಮಾ? ಅಂವಾ ಒದರಿದ್ರೂ ನಮಗ ಕೇಳೂದಿಲ್ಲ.”

“ಹಡಗದಾಗ ಕುಂತು ಟಾಕೀಜ ನೋಡಿ ಪಗಾರ ತಗೊಳ್ಳಾಂವ, ನನಗ ದಮಾಮಿ ಕಲಸ್ತಾನ!”

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಈಗ ಎಲ್ಲರೂ ಅವನ ತಾಯಿ ಮಾರ್ಗರೀಟಾಳನ್ನು ನೋಡಿದರು. ದಮಾಮಿ ನಿಂತರೆ, ನಿಂತಷ್ಟು ಹೊತ್ತು ಅವಳು ವಿಧವೆ.

ಅವಳು ಮಗನ ಮುಖ ನೋಡಿದಳು. ಜಪಮಾಲೆಯನ್ನು ಸೆರಗಿಗೆ ಗಂಟು ಹಾಕಿದಳು.

“ಅಣ್ಣಾ, ಬಾಜೂ ಸರಿ. ನಾ ಬಾರಸ್ತೇನಿ. ಉಳದಾವರಿಗೆ ನಿಲ್ಸಾಕ ಹೇಳು.”

ಜಾನುವಿನ ಕೂಗು ಬಾಯಿಂದ ಬಾಯಿಗೆ ಹೋಗಿ ಉಳಿದೆರಡು ದಮಾಮಿಗಳೂ ನಿಂತವು. ಯಾರೂ ಸದ್ದು ಮಾಡಬಾರದೆಂದು ಜೇವಿಯರ್ ಕೈ ಎತ್ತಿದ. ಅವಳು ಒಂದೇ ಏಟು ಹಾಕಿದಳು. ಸದ್ದು ಗುಡ್ಡಕ್ಕೆ ಹೋಗಿ, ಬಂದು, ಸತ್ತಿತು. ಕೋಡಿಯ ಮೊರೆತ ಮಾತ್ರ ಉಳಿಯಿತು. ಯಾರೋ ಬಿಕ್ಕಿದರು. ಮತ್ತೊಂದು ಏಟು. ಮತ್ತೆ ಏನೂ ಇಲ್ಲ. ಹಕ್ಕಿಗಳು ಒಂದೊಂದಾಗಿ ನೀರಿಗಿಳಿದವು.

“ಜೇವೀ...” ಅವಳು ದಮಾಮಿಯಿಂದ ಕೈ ಹಿಂದೆಗೆದಳು. “ನನ್ನ ಕಡಿಂದ ಆಗೂದಿಲ್ಲೋ.”

“ಇನ್ನೊಮ್ಮೆ, ಅವ್ವಾ.”

ಏಟು ಬಿತ್ತು. ಮೌನ. ಆಮೇಲೆ ಬಲಗಡೆ, ಕೋಡಿಯ ದಿಕ್ಕಿಗೆ, ಈಗಷ್ಟೇ ಕೂತಿದ್ದ ಹಕ್ಕಿಗಳು ಒಂದೇ ಕಡೆಯಿಂದ ಬುರ್ರನೆ ಎದ್ದವು. ಅವುಗಳ ಕೆಳಗೆ ಮರದ ಮೇಲೆ ಮರ ಬಡಿದ ಸಣ್ಣ ಸದ್ದು. ಟಕ್.

ಜಾನುವಿನ ಬಾಯಿ ತೆರೆಯಿತು. ಜೇವಿಯರ್ ಅದನ್ನು ಇನ್ನೊಂದು ಅಂಗೈಯಿಂದ ಮುಚ್ಚಿದ. “ಬಿಟ್ಟು ಬಿಟ್ಟು ಬಾರ್ಸು, ಅವ್ವಾ.”

ಏಟು. ಟಕ್. ಏಟು. ಟಕ್. ಪ್ರತಿ ಸಲವೂ ಆ ಮರುದನಿ ಕೋಡಿಯನ್ನು ಬಿಟ್ಟು ಇತ್ತ ಸರಿಯುತ್ತಿತ್ತು. ಕೊನೆಗೆ ಮಂಜಿನಿಂದ ದೋಣಿಯ ಕಪ್ಪು ಮೂತಿ ಹೊರಬಂತು. ಅದರ ಹಿಂದೆ, ಟಿಬೆಟನ್ ಕಾಲೊನಿಯಲ್ಲಿ ಕೊಂಡ ಸ್ವೆಟರ್ ತೊಯ್ದು ತೊಪ್ಪೆಯಾಗಿ, ಹುಟ್ಟು ಹಿಡಿದ ಲುಯಿಸ್. ಬಾಯಲ್ಲಿ ಆರಿದ ಬೀಡಿ.

“ಎಲ್ಲಿಗ್ಹೊಂಟಿದ್ಯೋ ಹುಚ್ಚಪ್ಯಾಲಿ!” ಜಾನು ಸೊಂಟದವರೆಗಿನ ನೀರಿಗಿಳಿದು ದೋಣಿ ಎಳೆದ.

“ಮೂರೂ ಕಡೆ ದಮಾಮಿ. ನನ್ನ ಮಣ್ಣಿಗೇ ಬಾರ್ಸಾಕತ್ತಾರೇನ ಅನಿಸ್ತು. ಶಾಂತ ಇದ್ದ ಕಡೆ ಹೋಗೂಣು ಅಂತ ಹೊಂಟೆ.”

“ಅಲ್ಲಿ ಕೋಡಿ ಐತಲ್ಲೋ!”

“ನಿಮ್ಮ ಗದ್ದಲದಾಗ ಕೋಡಿ ಸಪ್ಪಳ ಕೇಳಬೇಕಲಾ? ನೀವು ಸುಮ್ಮನಾದ ಮ್ಯಾಲ ನೋಡ್ತೇನಿ, ಮುಂದನ ಮೊರ್ಯಾಕತ್ತೈತಿ. ಜೀವ ಬಾಯಿಗೆ ಬಂತು.”

ಮಾರ್ಗರೀಟಾ ಗಂಡನನ್ನು ಹೊಡೆಯಲೆಂಬಂತೆ ಹೋದವಳು ಅವನ ಸ್ವೆಟರಿನ ತೋಳು ಹಿಡಿದು ಹಿಂಡತೊಡಗಿದಳು. ನೀರು ಇಳಿಯುವುದು ನಿಂತರೂ ಹಿಂಡುತ್ತಲೇ ಇದ್ದಳು.

ಜಾನು ದಮಾಮಿಯ ಮುಂದೆ ಕೂತ. “ಏನಪಾ ಟಾಕೀಜ ಸಾಹೇಬಾ, ಇನ್ನರೆ ಬಾರಸ್ಲೋ?”

“ಬಾರ್ಸ್ರಿ ಮಾಮಾ. ಗುಡ್ಡ ಬೀಳೂವಂಗ ಬಾರ್ಸ್ರಿ.”

ಮೂರೂ ದಂಡೆಗಳಿಂದ ಸದ್ದು ಎದ್ದಿತು. ಹಕ್ಕಿಗಳು ಮತ್ತೆ ಹಾರಿದವು. ಎತ್ತಿದ ತನ್ನ ಕೈ ಇನ್ನೂ ಹಾಗೆಯೇ ಇದೆಯೆಂದು ಜೇವಿಯರನಿಗೆ ಆಗ ಗೊತ್ತಾಯಿತು. ಅದನ್ನು ಇಳಿಸಿ, ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟ.