ಧ್ವನಿ ಕೇಳಿಸಿದರೆ

ಬೂದು ಬಣ್ಣದ ಗಂಡಸು ನೆಲದಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ ನಿಂತಿದ್ದ. ಲಾಂಡ್ರಿಯಕ್ಕ ಫೋನನ್ನು ಬಲಕ್ಕೆ ತಿರುಗಿಸಿದರೆ ತೆರೆಯ ಮೇಲೆ ಅವನು ಗೋಡೆಯೊಳಗೆ ಅರ್ಧ ಹೂತುಹೋಗುತ್ತಿದ್ದ, ಎಡಕ್ಕೆ ತಿರುಗಿಸಿದರೆ ಮತ್ತೆ ಈಚೆ ಬಂದು ಜೋತಾಡುತ್ತಿದ್ದ.

"ನೇಣು ಹಾಕ್ಕೊಂಡ ಹಾಗಿದೆಯಲ್ಲಮ್ಮ," ಎಂದ ಪಕ್ಕದ ಕುರ್ಚಿಯ ಕಂಡಕ್ಟರಣ್ಣ. "ಪಾಪ, ಇಳಿಸು ಅವನನ್ನ."

ಎಲ್ಲರೂ ನಕ್ಕರು. ಪಾಠ ಹೇಳುತ್ತಿದ್ದ ಮೇಡಂ ನಗುತ್ತಲೇ ಬಂದು ಫೋನು ಸರಿಪಡಿಸಲು ಅವಳ ಭುಜದ ಮೇಲಿಂದ ಕೈ ಚಾಚಿದರು. ಚಾಚಿದ್ದೇ ತಡ, ಲಾಂಡ್ರಿಯಕ್ಕ ಮೊಣಕೈ ಎತ್ತಿ ಮುಖ ಮುಚ್ಚಿಕೊಂಡಳು. ನಗು ತಟ್ಟನೆ ನಿಂತಿತು. ಅವಳೇ ಮೊದಲು ಕೈ ಇಳಿಸಿ, ಏನೂ ಆಗದವಳಂತೆ, ಇವನು ಯಾಕೆ ನೆಲಕ್ಕೆ ಕಾಲೂರುತ್ತಿಲ್ಲ ಎಂದು ಕೇಳಿದಳು.

"ನೀವು ಫೋನಿಗೆ ನೆಲಾನೇ ತೋರಿಸಿಲ್ಲ ಅಕ್ಕ," ಎಂದರು ಮೇಡಂ, ಈ ಸಲ ಒಂದು ಹೆಜ್ಜೆ ದೂರದಲ್ಲೇ ನಿಂತು. "ನೆಲ ಎಲ್ಲಿದೆ ಅಂತ ಅದಕ್ಕೇನು ಗೊತ್ತು? ನೆಲ ಒರೆಸ್ತೀವಲ್ಲ, ಹಾಗೆ ನಿಧಾನಕ್ಕೆ ಆಡಿಸಿ."

ಗ್ರಂಥಾಲಯದ ಮಹಡಿಯ ಮೇಲೆ, ಕಂಪ್ಯೂಟರಿನ ಗಂಧಗಾಳಿ ಇಲ್ಲದವರಿಗಾಗಿಯೇ ನಡೆಯುತ್ತಿದ್ದ ತರಗತಿ ಅದು. ಫೋನಿನ ಕ್ಯಾಮೆರಾದಲ್ಲಿ ನೋಡಿದರೆ, ಅಲ್ಲಿ ಇಲ್ಲದ ವಸ್ತುವೊಂದು ಎದುರಿನ ನಿಜವಾದ ಕೋಣೆಯಲ್ಲೇ ನಿಂತಂತೆ ಕಾಣಬೇಕು. ಅದನ್ನು ಮಾಡುವುದು ಹೇಗೆಂದು ಅಲ್ಲಿ ಕಲಿಸುತ್ತಿದ್ದರು. ಮೇಡಂ ಅದನ್ನು ಎ.ಆರ್. ಎನ್ನುತ್ತಿದ್ದರು, ಕಂಡಕ್ಟರಣ್ಣ ಕಣ್ಕಟ್ಟು ಎನ್ನುತ್ತಿದ್ದ. ನಿವೃತ್ತನಾದ ಮೇಲೆ ಹೊತ್ತು ಹೋಗದೆ ಬಂದವನು ಅವನು. ಕಪಾಟುಗಳ ನಡುವೆ ತನ್ನ ಹಳೇ ಬಸ್ಸನ್ನೇ ತಂದು ನಿಲ್ಲಿಸಿದ್ದ. ಬೇಕರಿಯ ಹೆಂಗಸು ಮೇಜಿನಗಲದ ಕೇಕನ್ನು ಮಾಡಿ, ಊದಿದರೆ ಮೇಣದಬತ್ತಿ ಆರುವಂತೆ ಮಾಡಿದ್ದಳು.

ಲಾಂಡ್ರಿಯಕ್ಕ ವಿದ್ಯೆಯ ಆಸೆಗೆ ಬಂದವಳಲ್ಲ. ಬೆಳಗಿನ ಜಾವದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ರಕ್ತ, ಕೀವು ಮೆತ್ತಿದ ಹಾಸಿಗೆ ಬಟ್ಟೆಗಳನ್ನು ಒಗೆದು, ಮಧ್ಯಾಹ್ನ ಹೊರಬೀಳುತ್ತಿದ್ದಳು. ಟೈರ್ ಅಂಗಡಿಯ ಕೆಲಸ ಬಿಟ್ಟು ಕೂತ ಮಗ ಆ ಹೊತ್ತಿಗಷ್ಟೇ ಎದ್ದಿರುತ್ತಿದ್ದ. ಸಂಜೆ ಗೆಳೆಯರು ಕರೆದು ಅವನು ಹೊರಗೆ ಹೋಗುವವರೆಗೆ ಅವಳಿಗೆ ತಲೆಯ ಮೇಲೊಂದು ಸೂರು, ಸುತ್ತ ನಾಲ್ಕು ಜನ ಬೇಕಾಗಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಕೊಟ್ಟ ಪೆಟ್ಟಿಗೆ ಎಡಗಿವಿ ಆಗಲೇ ಹೋಗಿತ್ತು. ಪಕ್ಕೆಲುಬು ಎರಡು ಸಲ ಮುರಿದು ಕೂಡಿಕೊಂಡಿತ್ತು. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದು. ಅಪ್ಪನ ಕೈ ಮಗನಿಗೆ ಬಂದಿದೆ, ಅವನ ತಪ್ಪೇನು ಎಂದುಕೊಳ್ಳುತ್ತಿದ್ದಳು.

ನೆಲ ಒರೆಸುವ ಹಾಗೆ ಫೋನು ಆಡಿಸಿದಳು. ತೆರೆಯ ಮೇಲೆ ನೆಲದ ತುಂಬ ಬಿಳಿ ಚುಕ್ಕೆಗಳು ಹರಡಿಕೊಂಡವು, ಗಂಡಸು ಧೊಪ್ಪನೆ ಇಳಿದು ನಿಂತ. ಎರಡು ಬೆರಳಿನಿಂದ ಅವನನ್ನು ಹಿಗ್ಗಿಸುತ್ತ ಹೋದಳು. ಅವನ ತಲೆ, ಬಾಗಿಲಿನ ಚೌಕಟ್ಟಿಗೆ ತಾಗುವವರೆಗೆ ಹಿಗ್ಗಿಸಿದಳು. ಇಷ್ಟೊಂದು ಎತ್ತರ ಯಾಕೆ ಎಂದು ಮೇಡಂ ಕೇಳಿದ್ದಕ್ಕೆ, ಅವನಿರೋದೇ ಇಷ್ಟು ಎಂದಳು.

ಮುಂದಿನ ಪಾಠ, ನಿಂತದ್ದನ್ನು ಆಡಿಸುವುದು. ಬರೆಯುವ ಕೆಲಸವೇನಿಲ್ಲ. ತೆರೆಯ ಮೇಲೆ ಬಣ್ಣಬಣ್ಣದ ತುಂಡುಗಳಿರುತ್ತವೆ. 'ಮುಟ್ಟಿದರೆ' ಎಂಬ ತುಂಡನ್ನು ಬೆರಳಲ್ಲಿ ಎಳೆದು 'ಕುಣಿ' ಎಂಬುದಕ್ಕೆ ಅಂಟಿಸಿದರೆ, ಮುಟ್ಟಿದಾಗ ಗೊಂಬೆ ಕುಣಿಯುತ್ತದೆ. ಎಲ್ಲರೂ ಕುಣಿಸುತ್ತ ಕೂತರು. ಅವಳು ಬಹಳ ಹೊತ್ತು ಹುಡುಕಿ, 'ಧ್ವನಿ ಕೇಳಿಸಿದರೆ' ಎಂಬುದನ್ನು 'ಹಿಂದೆ ಸರಿ' ಎಂಬುದಕ್ಕೆ ಅಂಟಿಸಿದಳು. ಎದ್ದು ನಿಂತು ಫೋನು ಎತ್ತಿ ಹಿಡಿದು, "ಹೊರಗೆ ಹೋಗು" ಎಂದಳು.

ಗಂಡಸು ಕದಲಲಿಲ್ಲ. ತಪ್ಪು ಫೋನಿನದಲ್ಲ. ಅವಳ ದನಿ ಫೋನಿಗೆ ಕೇಳಿಸುವಷ್ಟು ಏರಿರಲಿಲ್ಲ. ಸಣ್ಣ ದನಿಗೂ ಸರಿಯುವಂತೆ ಮಾಡಿಕೊಡುತ್ತೇನೆ, ತೆರೆಯ ಮೇಲಿನ ದನಿಯ ಗೆರೆ ಒಂದಿಷ್ಟು ಇಳಿಸಿದರೆ ಸಾಕು ಎಂದರು ಮೇಡಂ.

"ಬೇಡ ಮೇಡಂ," ಎಂದ ಕಂಡಕ್ಟರಣ್ಣ. "ಅದನ್ನ ಯಾಕೆ ಇಳಿಸ್ತೀರಿ? ಇವರೇ ಏರಿಸ್ಲಿ."

ಜೀವಮಾನವೆಲ್ಲ ತುಂಬಿದ ಬಸ್ಸಿನಲ್ಲಿ ಕೂಗಿ ಬದುಕಿದವನು ಅವನು. ಗಂಟಲಿಂದ ಕೂಗಿದರೆ ಮೂರನೇ ಸೀಟಿಗೂ ಕೇಳುವುದಿಲ್ಲ, ಹೊಟ್ಟೆಯಿಂದ ಎತ್ತಬೇಕು, ಕಾಲು ಅಗಲಿಸಿ ನಿಲ್ಲಬೇಕು ಎಂದು ಹೇಳಿಕೊಟ್ಟ. ಅವಳು ಕೂಗಿದಳು, ದನಿ ಸೀಳಿಕೊಂಡು ಕೆಮ್ಮು ಬಂತು. ಮತ್ತೆ ಕೂಗಿದಳು. ಕೊನೆಗೊಮ್ಮೆ ಹೊಟ್ಟೆಯ ತಳದಿಂದ ಎಂಥದೋ ಎದ್ದು ಬಂದು, ಬೂದು ಗಂಡಸು ಒಂದು ಹೆಜ್ಜೆ ಹಿಂದೆ ಸರಿದ. ಯಾರನ್ನೋ ಕೊಲ್ಲುತ್ತಿದ್ದಾರೆಂದು ಕೆಳಗಿನಿಂದ ವಾಚ್‌ಮನ್ ಏದುಸಿರು ಬಿಡುತ್ತ ಓಡಿಬಂದ. ಬೇಕರಿಯ ಹೆಂಗಸು ಅವನಿಗೆ ಕೇಕು ತೋರಿಸಿ ಸಮಾಧಾನ ಮಾಡಿ ಕಳಿಸಿದಳು.

ತರಗತಿ ಇಲ್ಲದ ಒಂದು ದಿನ ಅವಳು ನೇರವಾಗಿ ಮನೆಗೆ ಬಂದಳು. ಮಗ ಇರಲಿಲ್ಲ, ಬೀಗ ತೆಗೆದಾಗ ಅದೊಂದು ಹಬ್ಬದಂತೆ ಅನ್ನಿಸಿತು. ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟವಳು, ಹಚ್ಚದೆ ಹಾಗೇ ಬಿಟ್ಟು, ಫೋನು ತೆಗೆದು ಅಡುಗೆಮನೆಯ ನೆಲವನ್ನೆಲ್ಲ ಅದಕ್ಕೆ ತೋರಿಸಿದಳು. ಬೂದು ಗಂಡಸು ಬಾಗಿಲಲ್ಲಿ ನಿಂತ. ಕಾಲು ಅಗಲಿಸಿಕೊಂಡು ಕೂಗಿದಳು. ಅವನು ಸರಿದ. ಇನ್ನೊಮ್ಮೆ ಕೂಗಿದಳು. ಕೂಗುವ ಭರದಲ್ಲಿ, ಕೇಳದ ಎಡಗಿವಿಯ ಕಡೆಯಿಂದ ಮಗ ಒಳಗೆ ಬಂದದ್ದು ಗೊತ್ತಾಗಲಿಲ್ಲ.

"ಯಾರ ಹತ್ರ ಮಾತಾಡ್ತಿದ್ದೀಯಮ್ಮ?" ಎಂದು ಅವನು ಕೈಯಿಂದ ಫೋನು ಕಸಿದುಕೊಂಡ. ತೆರೆ ನೋಡಿದ. ಖಾಲಿ ಬಾಗಿಲು ನೋಡಿದ. ಮತ್ತೆ ತೆರೆ ನೋಡಿದ. ಮುಖವಿಲ್ಲದಿದ್ದರೂ ಆ ಎತ್ತರ, ಚೌಕಟ್ಟಿಗೆ ತಾಗುವ ಆ ತಲೆ ತನ್ನದೇ ಎಂದು ಅವನಿಗೆ ಗುರುತು ಸಿಕ್ಕಿರಬೇಕು. "ಯಾರೇ ಇದು?" ಎಂದು ಅರಚಿದ. ಅರಚಿದ ಆ ದನಿಗೆ ತೆರೆಯ ಮೇಲಿನ ಗಂಡಸು ಒಂದು ಹೆಜ್ಜೆ ಹಿಂದೆ ಸರಿದ.

ಫೋನು ಗೋಡೆಗೆ ಬಡಿದು ಕೆಳಗೆ ಬಿತ್ತು. ಅವಳ ಕೂದಲು ಅವನ ಮುಷ್ಟಿಯಲ್ಲಿತ್ತು. ಹಣೆ ಚೌಕಟ್ಟಿಗೆ ಅಪ್ಪಳಿಸಿದಾಗ ಅವಳಿಗೆ ನೋವಿಗಿಂತ ಮೊದಲು ಸದ್ದು ತಿಳಿಯಿತು, ತಲೆಬುರುಡೆಯ ಒಳಗಿನಿಂದ ಬಂದ ಸದ್ದು. ಎರಡನೇ ಸಲಕ್ಕೆ ಹುಬ್ಬು ಒಡೆದು ಕಣ್ಣೊಳಗೆ ರಕ್ತ ಇಳಿಯಿತು. ಅವನು ಹೊಟ್ಟೆಗೆ ಒದ್ದ. ಅವಳು ಒಲೆಯ ಕಟ್ಟೆಗೆ ಹೋಗಿ ಬಿದ್ದಳು; ಎದ್ದು ನಿಲ್ಲಲು ಹಿಡಿದುಕೊಂಡದ್ದು ಬಾಣಲೆಯ ಹಿಡಿ.

ಮೊದಲ ಪೆಟ್ಟು ಮತ್ತೆ ಕೂದಲಿಗೆ ಚಾಚಿದ್ದ ಅವನ ಮಣಿಕಟ್ಟಿಗೆ ಬಿತ್ತು. ಒಣಗಿದ ಕಡ್ಡಿ ಮುರಿದಂತೆ ಲಟಕ್ಕೆಂದಿತು. ಎರಡನೆಯದು ಭುಜಕ್ಕೆ. ಅವನು ಮಂಡಿಯೂರಿದ. ಅಲ್ಲಿಗೆ ಮುಗಿದಿತ್ತು, ಮುಗಿದಿದೆಯೆಂದು ಅವಳಿಗೆ ಗೊತ್ತೂ ಇತ್ತು. ಆದರೂ ಮೂರನೆಯದನ್ನು, ಎರಡೂ ಕೈಯಲ್ಲಿ ಬಾಣಲೆ ಎತ್ತಿ, ಬಗ್ಗಿದ ಅವನ ಬೆನ್ನಿಗೆ ಹೊಡೆದಳು. ಆ ಪೆಟ್ಟಿನಲ್ಲಿ ಒಂದು ಸುಖವಿತ್ತು. ಅದು ತಿಳಿದೇ ಅವಳು ಬಾಣಲೆಯನ್ನು ಕೈಬಿಟ್ಟಳು.

"ಅಮ್ಮಾ," ಎಂದ ಅವನು, ಸಣ್ಣವನಿದ್ದಾಗ ಜ್ವರದಲ್ಲಿ ಕರೆಯುತ್ತಿದ್ದ ಹಾಗೆ.

ಮುರಿದ ಕೈಯನ್ನು ಟವೆಲಿನಲ್ಲಿ ಕಟ್ಟಿ, ತನ್ನ ಹುಬ್ಬಿಗೆ ಸೆರಗು ಒತ್ತಿಕೊಂಡು, ಅವಳೇ ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತುರ್ತು ವಿಭಾಗದ ನರ್ಸು ಅವಳಿಗೆ ಪರಿಚಯದವಳೇ. ಏನಾಯಿತೆಂದು ಡಾಕ್ಟರು ಕೇಳಿದಾಗ ಮಗ ತಲೆ ತಗ್ಗಿಸಿ, ಬಚ್ಚಲಲ್ಲಿ ಜಾರಿಬಿದ್ದೆ ಎಂದ. ಅದು ಅವಳದೇ ಮಾತು. ಪಕ್ಕೆಲುಬಿಗೆ, ಕಿವಿಗೆ, ಮುಂದಿನ ಹಲ್ಲಿಗೆ ಇದೇ ನರ್ಸಿನ ಮುಂದೆ ಅವಳೇ ಹೇಳುತ್ತ ಬಂದ ಸುಳ್ಳು. ಅವನ ಬಾಯಲ್ಲಿ ಅದನ್ನು ಕೇಳಿ ಅವಳು ಹುಬ್ಬಿಗೆ ಒತ್ತಿದ್ದ ಸೆರಗನ್ನು ತೆಗೆದಳು.

"ಜಾರಿದ್ದಲ್ಲ ಡಾಕ್ಟ್ರೇ," ಎಂದಳು. "ಅವನು ನನ್ನನ್ನ ಹೊಡೀತಿದ್ದ, ನಾನು ಅವನನ್ನ ಹೊಡೆದೆ. ಎರಡೂ ಬರ್ಕೊಳ್ಳಿ."

ನರ್ಸು ಅವಳ ಹುಬ್ಬಿಗೆ ಹೊಲಿಗೆ ಹಾಕಿದಳು. ದಾರ ಕತ್ತರಿಸಿದ ಮೇಲೂ ಅವಳ ಗಲ್ಲವನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಅತ್ತ ಮೂಳೆ ಕೂಡಿಸುವಾಗ ಮಗ ಚೀರಿದ. ಅವಳು ಎದ್ದು ಹೋಗಿ, ಮುಗಿಯುವವರೆಗೆ ಅವನ ಇನ್ನೊಂದು ಕೈ ಹಿಡಿದುಕೊಂಡಳು.

ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದಿದ್ದರು ಡಾಕ್ಟರು. ತಿಳಿಸಿ ಎಂದಿದ್ದಳು ಅವಳು. ಕೊರಳಿಗೆ ಕೈ ನೇತುಹಾಕಿಕೊಂಡ ಮಗ ಗೇಟಿನಾಚೆ ಬಂದು ಅಭ್ಯಾಸದಂತೆ ಮನೆಯ ದಾರಿಗೆ ತಿರುಗಿದ. ಅವಳು ನಿಂತಳು. ಹೊಟ್ಟೆಯಿಂದ ಎತ್ತಿ ಕೂಗಲು ಕಲಿತದ್ದು ಯಾವುದೂ ಆಗ ಒದಗಿಬರಲಿಲ್ಲ.

"ನೀನು ಮನೆಗೆ ಬರಬೇಡ," ಎಂದಳು. ಬಸ್ಸುಗಳ ಗದ್ದಲದಲ್ಲಿ ಅದು ಅವಳ ಸರಿಯಿದ್ದ ಕಿವಿಗೇ ಸರಿಯಾಗಿ ಕೇಳಲಿಲ್ಲ. ಮಗನಿಗೆ ಕೇಳಿಸಿತು.

"ಎಲ್ಲಿಗೆ ಹೋಗ್ಲಿ?"

"ಗೊತ್ತಿಲ್ಲ ಕಂದಾ."

ಅವನು ಕಾಂಪೌಂಡಿಗೆ ಒರಗಿ ನಿಂತ. ಅವಳು ಬಸ್ಸು ಹತ್ತಿದಳು. ತಿರುಗಿ ನೋಡಿದರೆ ಇಳಿದುಬಿಡುತ್ತೇನೆಂದು ಮುಂದಿನ ಸೀಟಿನ ಕಂಬಿಯನ್ನೇ ದಿಟ್ಟಿಸುತ್ತ ಕೂತಳು.

ಮನೆಯಲ್ಲಿ ಮೊದಲು ನೆಲ ತೊಳೆದಳು. ಹಗ್ಗದ ಮೇಲಿದ್ದ ಅವನ ಅಂಗಿಗಳನ್ನು ತೆಗೆದು ಇಸ್ತ್ರಿ ಮಾಡಿದಳು, ಕಾಲರು ಮುರಿಯದ ಹಾಗೆ ಮಡಚಿ ಚೀಲಕ್ಕೆ ಹಾಕಿ ಬಾಗಿಲ ಹೊರಗಿನ ಚಿಲಕಕ್ಕೆ ನೇತುಹಾಕಿದಳು. ಅಗುಳಿ ಹಾಕಿ ಒಳಗೆ ಬಂದು, ಬಾಣಲೆ ಬೀಸಿ ಬಾತುಕೊಂಡ ಕೈಯನ್ನು ಉಪ್ಪು ನೀರಿನ ಪಾತ್ರೆಯಲ್ಲಿಟ್ಟುಕೊಂಡು ಕೂತಳು.

ಬೀದಿದೀಪ ಹತ್ತುವ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಾಗಿಲ ಕೆಳಗಿನ ಸಂದಿನ ಬೆಳಕಿಗೆ ಎರಡು ಕಾಲು ಅಡ್ಡ ನಿಂತವು. ಚೀಲ ಬಾಗಿಲಿಗೆ ಒಮ್ಮೆ ಉಜ್ಜಿ ಸದ್ದು ಮಾಡಿತು. ಕಾಲುಗಳು ಹಾಗೆಯೇ ಇದ್ದವು. ಅವಳು ಪಾತ್ರೆಯಿಂದ ಕೈ ತೆಗೆಯಲಿಲ್ಲ. ನೀರು ಅಲುಗಾಡದಂತೆ ಬೆರಳುಗಳನ್ನು ತಳಕ್ಕೆ ಒತ್ತಿ ಹಿಡಿದಿದ್ದಳು.