ಒಡೆಯದ ಕಾಯಿ

ಚೂರಿ ಮತ್ತೆ ಗಿಳಿಯನ್ನೇ ಕೆತ್ತಿತ್ತು. ಗಿರಿಜಾಂಬಿಕಾ ಕೊಬ್ಬರಿ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು. ಅದೇ ಡೊಂಕು ಕೊಕ್ಕು, ಅದೇ ಮಾವಿನೆಲೆ. ಸಿಟ್ಟು ಬಂದು ಅದನ್ನು ಚಟ್ನಿಪುಡಿಗೆಂದು ಇಟ್ಟಿದ್ದ ಬುಟ್ಟಿಗೆ ಎಸೆದಳು. ಆ ವಾರವೆಲ್ಲ ಮನೆಯವರು ಚಟ್ನಿಪುಡಿಯಲ್ಲಿ ಗಿಳಿಗಳನ್ನೇ ತಿನ್ನುತ್ತಿದ್ದರು. ಪಾಪ, ಅವರಿಗೆ ಗೊತ್ತಿರಲಿಲ್ಲ.

ಚಿಕ್ಕನಾಯಕನಹಳ್ಳಿಯಲ್ಲಿ ಮದುವೆಯೆಂದರೆ ಬೀಗರ ಮುಂದಿಡುವ ತಟ್ಟೆಯಲ್ಲಿ ಗಿರಿಜ ಕೆತ್ತಿದ ಕೊಬ್ಬರಿ ಇರಲೇಬೇಕು. ಕಂದು ಸಿಪ್ಪೆಯನ್ನು ಚೂರಿಯ ಮೊನೆಯಲ್ಲಿ ಎಬ್ಬಿಸುತ್ತ ಹೋದರೆ ಒಳಗಿನ ಬಿಳುಪಿನಲ್ಲಿ ಹೂವು, ಹಕ್ಕಿ ಮೂಡುತ್ತಿದ್ದವು. ಈಗ ನಾದಿನಿಯ ಮಗಳ ಮದುವೆ. ಬೀಗರು ತಿಪಟೂರಿನ ಮಂಡಿಯವರು, ಕೊಬ್ಬರಿಯ ನಡುವೆಯೇ ಹುಟ್ಟಿ ಬೆಳೆದವರು. ಅವರ ಮುಂದೆ ಹಳೇ ಗಿಳಿ ಇಟ್ಟರೆ ಮರ್ಯಾದೆ ಉಳಿಯುತ್ತದೆಯೇ? ಆದರೆ ಕೈ ಬತ್ತಿಹೋಗಿತ್ತು. ಮನೆ ತುಂಬ ಜನ, ಕಿವಿ ತುಂಬ ಮಾತು, ಮೇಲೆ ರೇಡಿಯೋ. ಯಾರೂ ಮಾತಾಡಿಸದ ಕಡೆ ಒಂದು ದಿನ ಕೂತು ಬರಬೇಕೆಂದು ಅವಳ ಜೀವ ಚಡಪಡಿಸುತ್ತಿತ್ತು. ಹಾಗೆಂದು ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅದಕ್ಕೆ ಕೆಂಕೆರೆಯ ಅಮ್ಮನಿಗೆ ಹರಕೆ ಇದೆ ಎಂದಳು.

"ಪಕ್ಕದ್ಮನೆ ರಂಗಕ್ಕನ್ನ ಕರ್ಕಂಡೋಗು. ಹೆಂಗಸು ಒಬ್ಳೇ ಬಸ್ ಹತ್ತಾದಾ?" ಎಂದ ಗಂಡ ರೇವಣಸಿದ್ದಯ್ಯ.

"ಒಬ್ಳೇ ಬತ್ತೀನಿ ಅಂತ್ಲೇ ಹರಕೆ ಹೊತ್ತಿರೋದು ಕಣ್ರೀ."

ಹರಕೆಯೆಂದ ಮೇಲೆ ಅವನು ಒಪ್ಪಿಕೊಂಡು ಸೈಕಲ್ ಹತ್ತಿದ. ಅತ್ತೆ ಗುರುಶಾಂತಮ್ಮ ಮಾತ್ರ ಸೊಸೆಯ ಮುಖವನ್ನೇ ನೋಡಿದಳು. ಈ ಮನೆಗೆ ಬಂದಮೇಲೆ ಆ ಅತ್ತೆಯೂ ಒಬ್ಬಳೇ ಬಸ್ಸು ಹತ್ತಿದ್ದನ್ನು ಕಂಡವರಿಲ್ಲ. ಆದರೂ ಚೀಲಕ್ಕೆ ಬಾಳೆಹಣ್ಣು, ಊದುಬತ್ತಿ, ಜುಟ್ಟು ಬಿಟ್ಟು ಸುಲಿದ ಕಾಯಿ ಹಾಕಿಕೊಟ್ಟಳು.

ಕೆಂಕೆರೆಯಲ್ಲಿ ಇಳಿದ ಗಿರಿಜಳ ಕಾಲು ಗುಡಿಯ ಕಡೆ ತಿರುಗಲಿಲ್ಲ. ಕೆರೆ ಏರಿ ಹತ್ತಿದಳು. ಆದರೆ ಒಬ್ಬಳೇ ಕೂರುವುದೂ ಅಭ್ಯಾಸವಿರಬೇಕಲ್ಲ! ಕೂತಳು, ಎದ್ದಳು, ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ ಎಂದು ಪೇಚಾಡಿದಳು. ಮಧ್ಯಾಹ್ನದವರೆಗೆ ಮನೆಯೇ ಬೆನ್ನು ಹತ್ತಿ ಕಾಡಿತು. ಆಮೇಲೆ ಕುರಿಹಿಂಡೊಂದು ನೀರು ಕುಡಿದು ಹೋಯಿತು. ಹಸಿ ಕೆಸರಿನ ತುಂಬ ಗೊರಸಿನ ಗುರುತು, ಒಂದೊಂದರಲ್ಲೂ ಒಂದಿಷ್ಟು ನೀರು, ನೀರಿನಲ್ಲಿ ಬೆಳಕು. ಎಂಥ ಚೆಂದ! ಅವಳ ಬೆರಳು ತಾನಾಗಿ ಮಂಡಿಯ ಮೇಲೆ ಅದನ್ನೇ ಗೀರತೊಡಗಿತು. ಬಾಳೆಹಣ್ಣು ತಿಂದಳು. ಹೊತ್ತು ಹೋದದ್ದು ತಿಳಿಯದೆ, ಕೊನೆಗೆ ಓಡಿಹೋಗಿ ಬಸ್ಸು ಹಿಡಿದಳು.

ಮನೆಯಲ್ಲಿ ಅತ್ತೆ ಪ್ರಸಾದಕ್ಕೆಂದು ಚೀಲಕ್ಕೆ ಕೈ ಹಾಕಿ ಕಾಯಿ ತೆಗೆದಳು. ಇಡೀ ಕಾಯಿ, ಜುಟ್ಟಿನ ಸಮೇತ. ತೆಂಗಿನ ಸೀಮೆಯ ಹೆಂಗಸು ಗುಡಿಗೆಂದು ಹೋಗಿ ಕಾಯಿ ಒಡೆಯುವುದನ್ನೇ ಮರೆತು ಬರುವುದುಂಟೆ!

"ಗುಡಿಗೆ ಹೋಗ್ನಿಲ್ವಾ?"

"ಇಲ್ಲ ಅತ್ತೆ. ಕೆರೆ ಏರಿ ಮೇಲೆ ಕೂತಿದ್ದೆ. ಸುಮ್ನೆ."

"ಯಾರ್ ಜೊತೆ?"

"ಯಾರೂ ಇಲ್ಲ. ಒಬ್ಳೇ."

ಹೇಳುತ್ತಲೇ ಅಳು ಬಂತು. ಇದನ್ನು ಯಾರು ನಂಬುತ್ತಾರೆ? ಇನ್ನು ಹೊಸಿಲು ದಾಟಲು ಬಿಡುವುದಿಲ್ಲ. ಸಾಯುವ ತನಕ ಗಿಳಿಯೇ ಗತಿ.

ಬೀದಿಯ ತಿರುವಿನಲ್ಲಿ ರೇವಣಸಿದ್ದಯ್ಯನ ಸೈಕಲ್ ಗಂಟೆ ಕೇಳಿಸಿತು. ಗುರುಶಾಂತಮ್ಮ ತಟ್ಟನೆ ಎದ್ದು ಕಾಯನ್ನು ಒರಳುಕಲ್ಲಿಗೆ ಕುಟ್ಟಿ ಒಡೆದಳು. ಅವನು ಸೈಕಲ್ ನಿಲ್ಲಿಸುವಷ್ಟರಲ್ಲಿ ಹೋಳು ಹಿಡಿದು ಜಗಲಿಗೆ ಬಂದಿದ್ದಳು.

"ತಗಳಪ್ಪ, ಅಮ್ಮನ ಪ್ರಸಾದ."

"ಪೂಜೆ ಚೆನ್ನಾಗಾಯ್ತಾ?" ಅವನು ಕಣ್ಣಿಗೊತ್ತಿಕೊಂಡು ತಿಂದ.

"ಹೂಂ. ಚೆನ್ನಾಗಾಯ್ತಂತೆ."

ಒಳಗೆ ಬಂದು ಆಕೆ ಅಡುಗೆಮನೆಯ ಬಾಗಿಲನ್ನು ಅರ್ಧ ಮುಂದೆ ಮಾಡಿದಳು. ಸೊಸೆಯ ಪಕ್ಕದಲ್ಲಿ ನೆಲಕ್ಕೆ ಕೂತು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಕೇಳಿದಳು:

"ಕೂತ್ಕಳಕ್ಕೆ ನೆಳ್ಳಿತ್ತೇನೇ ಅಲ್ಲಿ?"