ಜಟ್ಟೆಪ್ಪನ ಸ್ಕ್ರೂಡ್ರೈವರ್

ಶಿವಾಜಿನಗರದ ಕ್ಯಾಮೆರಾ ರಿಪೇರಿ ಜಟ್ಟೆಪ್ಪ ಮಾತಿಗೆ ಮೊದಲು ಎದೆ ಮುಟ್ಟಿಕೊಳ್ಳುತ್ತಾನೆ. ಭಕ್ತಿಯಿಂದಲ್ಲ, ಅಂಗಿಯ ಜೇಬಿನಲ್ಲಿ ಪುಟ್ಟ ಸ್ಕ್ರೂಡ್ರೈವರ್ ಇದೆಯೋ ಇಲ್ಲವೋ ಎಂದು. ಮದುವೆಯ ಫೋಟೊದಲ್ಲೂ ಹೂವಿನ ಹಾರದ ಸಂದಿಯಿಂದ ಅದರ ಹಿಡಿ ಇಣುಕುತ್ತಿದೆಯೆಂದರೆ ಆಸಾಮಿ ಎಂಥವನೆಂದು ನೀವೇ ಊಹಿಸಿ. ಕೆಟ್ಟು ನಿಂತದ್ದನ್ನು ಬಿಚ್ಚದೆ ಬಿಡುವ ಜಾಯಮಾನ ಅವನದಲ್ಲ.

ಆ ಜಾಯಮಾನವೇ ಒಮ್ಮೆ ಮುಳುವಾಯಿತು. 2009ರ ಖಗ್ರಾಸ ಸೂರ್ಯಗ್ರಹಣದ ಚಿತ್ರ ತೆಗೆಯಲು ಬೆನ್ಸನ್ ಟೌನಿನ ವಿಜ್ಞಾನದ ಟೀಚರ್ ಮಾರಿಯಾ ಅವನನ್ನು ಕಾಶಿಗೆ ಕರೆದೊಯ್ದಿದ್ದರು. ಸೂರ್ಯ ಪೂರ್ತಿ ಮುಚ್ಚಿದೊಡನೆ ಲೆನ್ಸಿನ ಮುಂದಿನ ಕಪ್ಪು ಫಿಲ್ಟರ್ ತೆಗೆಯಬೇಕು, ಅಷ್ಟೇ. ಮರೆತ! ಚಿತ್ರಗಳೆಲ್ಲ ಕರ್ರಗೆ ಬಂದವು. ಬೇರೆಯವರಾಗಿದ್ದರೆ ಕಣ್ಣಿಂದಲಾದರೂ ನೋಡಿಕೊಳ್ಳುತ್ತಿದ್ದರು. ಈ ಮಹಾಶಯ ಶಟರ್ ಕೆಟ್ಟಿತೆಂದು ಬಗೆದು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಗಂಗೆಯ ಮೆಟ್ಟಿಲ ಮೇಲೇ ಕ್ಯಾಮೆರಾ ಬಿಚ್ಚತೊಡಗಿದ. ಸುತ್ತ ಸಾವಿರಾರು ಜನ ಹೋ ಎಂದು ಕೈಮುಗಿಯುತ್ತಿದ್ದರೂ ತಲೆ ಎತ್ತಲಿಲ್ಲ. ನಾಲ್ಕನೆಯ ಸ್ಕ್ರೂ ಕಳಚುವಷ್ಟರಲ್ಲಿ ಬೆಳಕು ಮರಳಿತ್ತು.

ಅಂದಿನಿಂದ ಮಾರಿಯಾ ಅಂಗಡಿಗೆ ಬಂದಾಗಲೆಲ್ಲ ಅವನದು ಒಂದೇ ಬೇಡಿಕೆ: "ಇನ್ನೊಮ್ಮಿ ಹೇಳ್ರೀ ಮೇಡಂ."

"ಬೆಳ್ಬೆಳಗ್ಗೆ ನಕ್ಷತ್ರ ಬಂತು, ಜಟ್ಟೆಪ್ಪ. ಕಪ್ಪು ಸೂರ್ಯನ ಸುತ್ತ ಬೆಳ್ಳಿ ಜಟೆ. ಹಕ್ಕಿಗಳೆಲ್ಲ ಗಪ್‌ಚಿಪ್."

ಕೇಳುತ್ತ ಅವನ ಮೈಮೇಲೆ ಮುಳ್ಳೇಳುತ್ತಿತ್ತು.

ಈಗ 2027. ಆಗಸ್ಟ್ ಎರಡರಂದು ಈಜಿಪ್ಟಿನಲ್ಲಿ ಮತ್ತೆ ಖಗ್ರಾಸ ಗ್ರಹಣ, ಆರು ನಿಮಿಷದ ಕತ್ತಲು; ನಿವೃತ್ತ ಮಾರಿಯಾರ ಜೊತೆ ಅವನೂ ಹೊರಟಿದ್ದಾನೆ. ಈ ಜನ್ಮದಲ್ಲಿ ಮತ್ತೊಂದು ಸಿಕ್ಕೀತೆಂಬ ಭ್ರಮೆ ಅವನಿಗಿಲ್ಲ. ಆರು ತಿಂಗಳಿಂದ ಬೈಯಪ್ಪನಹಳ್ಳಿಯ ಬಾಡಿಗೆ ಮನೆಯ ತಾರಸಿಯಲ್ಲಿ ತಾಲೀಮು: ಗಾಳಿಗೆ ಅಲುಗದಂತೆ ಟ್ರೈಪಾಡಿಗೆ ಮರಳಿನ ಚೀಲ ನೇತುಹಾಕುವುದು, ಫೋಕಸ್ ಜರುಗದಂತೆ ಟೇಪು ಸುತ್ತುವುದು, ಕಣ್ಣುಮುಚ್ಚಿ ಫಿಲ್ಟರ್ ತೆಗೆಯುವುದು. ಮರೆಯಬಾರದೆಂದು ಅದಕ್ಕೆ ಹೆಂಡತಿಯ ಕೆಂಪು ಕುಪ್ಪಸದ ಚೂರು ಕಟ್ಟಿದ್ದಾನೆ.

ಹೊರಡುವ ದಿನ ಹೆಂಡತಿ ಹುಸೇನಮ್ಮ ಕೇಳಿಯೇಬಿಟ್ಟಳು: "ಈ ಸಲಾನೂ ಕರ್ರಗ ಬಂದ್ರ ಏನ್ ಮಾಡ್ತೀರಿ?"

ಕೈ ತಾನಾಗಿ ಎದೆಗೆ ಹೋಯಿತು. ಸ್ಕ್ರೂಡ್ರೈವರ್ ತೆಗೆದು ಅವಳ ಅಂಗೈಯಲ್ಲಿಟ್ಟ. "ಇದು ನಿನ್ ಕಡೀನೇ ಇರ್ಲಿ. ಕ್ಯಾಮೆರಾ ಹಾಳಾಗಿ ಹೋಗ್ಲಿ. ನಾ ಮ್ಯಾಲ ನೋಡ್ತೀನಿ."

ನಾವು ಕೆಡಿಸಿದ್ದನ್ನು ಸರಿಮಾಡುವವರ ಕತ್ತು ಸದಾ ಬಾಗಿಯೇ ಇರುತ್ತದೆ. ಲೋಕದ ಅದ್ಭುತಗಳೆಲ್ಲ ಅವರ ನೆತ್ತಿಯ ಮೇಲೆಯೇ ಹಾದುಹೋಗುತ್ತವೆ. ಅಂಥವರಲ್ಲೊಬ್ಬ ಆಯುಧವನ್ನು ಮನೆಯಲ್ಲಿಟ್ಟು, ರಿಪೇರಿಯೇ ಬೇಡದ ಆಕಾಶವನ್ನು ನೋಡಲು ಹೊರಟರೆ ನಮ್ಮ ಕಣ್ಣೂ ತುಂಬಿ ಬರುತ್ತದೆ, ಸುಳ್ಳೇಕೆ?